ಬರೀ 'ನಾಟಿ' ಅಂದರೆ ಸಾಲದು: ಹಿತ್ತಿಲ ಕೋಳಿಗಳ ತಳಿ ಹುಡುಕಿದ ಎರಡು ವರ್ಷ

ನಮ್ಮದು ಮುಳಬಾಗಿಲು ಕಡೆ ಮಾವಿನ ತೋಟ. ತೋಟದ ಮನೆ ಹಿಂದೆ ಅಮ್ಮ ಮೊದಲಿಂದಲೂ ಕೋಳಿ ಸಾಕಿದ್ದಾರೆ. ಯಾವ ತಳಿ ಅಂತ ಯಾರಾದರೂ ಕೇಳಿದರೆ 'ನಾಟಿ' ಅನ್ನುತ್ತಿದ್ದೆವು. ಸುಳ್ಳೇನಲ್ಲ. ಆದರೆ ತೋಟದಲ್ಲಿ ಏನಿದೆ ಅಂದಾಗ ಬರೀ 'ಮಾವು' ಅಂದ ಹಾಗೆ. ಬಾದಾಮಿಯಾ, ರಸಪುರಿಯಾ, ತೋತಾಪುರಿಯಾ ಅಂತ ಗೊತ್ತಾಗದೆ ಮಂಡಿಯವನು ರೇಟೇ ಹೇಳಲ್ಲ, ಅಲ್ವಾ?

ಎರಡು ವರ್ಷದ ಹಿಂದೆ ಗೆಳೆಯನೊಬ್ಬ ಕಾವಿಗೆ ಇಡಲು ಮೊಟ್ಟೆ ಕೇಳಿದ. 'ಶುದ್ಧ ನಾಟೀದೇ ಬೇಕು, ಬೆರಕೆ ಬೇಡ' ಅಂದ. ಹೂಂ ಅಂದುಬಿಟ್ಟೆ. ರಾತ್ರಿ ಗೂಡಿನ ಬಾಗಿಲು ಹಾಕುವಾಗ ಒಳಗಿದ್ದ 34 ಕೋಳಿಗಳನ್ನ ನೋಡಿದೆ. ಯಾವುದು ಶುದ್ಧ, ಯಾವುದು ಬೆರಕೆ? ನನಗೇ ಗೊತ್ತಿರಲಿಲ್ಲ. ಮಾರನೇ ದಿನ ಒಂದು ನೋಟ್‌ಬುಕ್ ತಂದೆ.

ಮೊದಲು ಪಕ್ಕದ ತೋಟದ ತಾತನನ್ನ ಕರೆದೆ. ನಮ್ಮ ಕಡೆ ಕೋಳಿ ವಿಷಯದಲ್ಲಿ ತೆಲುಗು ಮಾತೇ ಜಾಸ್ತಿ. ತಾತ ಬೆರಳು ತೋರಿಸಿ ಹೇಳುತ್ತಾ ಹೋದರು. ಕೆಂಪಗಿರೋದು ಡೇಗ, ಕರಿಯದು ಕಾಕಿ, ನವಿಲು ಬಣ್ಣದ್ದು ನೆಮಲಿ. ನಾನು ಇವೆಲ್ಲ ತಳಿ ಅಂದುಕೊಂಡು ಶ್ರದ್ಧೆಯಿಂದ ಬರೆದುಕೊಂಡೆ. ಮೂರು ತಿಂಗಳಾದ ಮೇಲೆ ಒಂದೇ ಹೇಟೆಯ ಹನ್ನೊಂದು ಮರಿಗಳಿಗೆ ಪುಕ್ಕ ಬಂತು. ಅದರಲ್ಲಿ ಡೇಗ, ಕಾಕಿ, ನೆಮಲಿ ಮೂರೂ ಇದ್ದವು! ತಾತ ನಕ್ಕರು. 'ಅದು ಬಣ್ಣದ ಹೆಸರಪ್ಪ. ನೀನು ಜಾತಿ ಅಂದುಕೊಂಡೆಯಾ?' ನೋಟ್‌ಬುಕ್ಕಿನ ಮೊದಲ ಆರು ಪುಟ ಹರಿದು ಹಾಕಿದೆ. ಆಮೇಲೆ ಬಣ್ಣವನ್ನ ಕೊನೇ ಕಾಲಮ್ಮಿಗೆ ತಳ್ಳಿದೆ.

ಹಗಲಲ್ಲಿ ಕೋಳಿ ಹಿಡಿಯೋಕೆ ಹೋದರೆ ನಾವು ಓಡಬೇಕು, ಅವೂ ಓಡಬೇಕು. ಹಾಗಾಗಿ ರಾತ್ರಿ ಎಂಟರ ಮೇಲೆ ಟಾರ್ಚ್ ಇಟ್ಟುಕೊಂಡು ಒಂದೊಂದನ್ನೇ ಮಡಿಲಲ್ಲಿ ಕೂರಿಸಿಕೊಂಡೆ. ಕಾಲಿಗೆ ಬಣ್ಣದ ಕೇಬಲ್ ಟೈ, ಅದಕ್ಕೊಂದು ನಂಬರು. (ಬೆಳೆಯೋ ಮರಿಗೆ ಕಟ್ಟಿದರೆ ಎರಡು ವಾರಕ್ಕೊಮ್ಮೆ ಬಿಚ್ಚಿ ಸಡಿಲ ಮಾಡಬೇಕು. ಒಂದಕ್ಕೆ ಮರೆತು, ಪಾಪ, ಕಾಲು ಊದಿಕೊಂಡಿತ್ತು.) ಜುಟ್ಟು, ಗಲ್ಲದ ಕೆಳಗೆ ಜೋಲುವ ಕೆಂಪು ಚರ್ಮ, ಕಣ್ಣು, ಕತ್ತು, ಕಾಲು. ಈ ಐದನ್ನೂ ಬರೆದೆ, ತಕ್ಕಡಿಗೆ ತೂಗುಹಾಕಿ ತೂಕ ನೋಡಿದೆ.

ಜುಟ್ಟೇ ಹೆಚ್ಚು ವಿಷಯ ಹೇಳಿತು. ಗರಗಸದ ಹಾಗೆ ಹಲ್ಲು ಹಲ್ಲಾಗಿ ನಿಂತಿರೋದು ಒಂಟಿ ಜುಟ್ಟು. ಗಿಡ್ಡಗೆ, ತಲೆಗೆ ಅಂಟಿಕೊಂಡು, ಮೂರು ಸಾಲು ಸಣ್ಣ ಗುಬಟು ಇರೋದು ಬಟಾಣಿ ಜುಟ್ಟು. ಕಾಳಗಕ್ಕೆ ಹೆಸರಾದ ದೇಸಿ ತಳಿ ಅಸೀಲ್‌ಗೆ ಇರೋದು ಈ ಎರಡನೇದು. ಜೊತೆಗೆ ಗಲ್ಲದ ಕೆಳಗೆ ಜೋಲು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಕತ್ತು ಉದ್ದ, ಕಾಲು ದಪ್ಪ, ಪುಕ್ಕ ಮೈಗೆ ಗಟ್ಟಿಯಾಗಿ ಕೂತಿರುತ್ತೆ. ನಮ್ಮ ನಾಲ್ಕನೇ ನಂಬರ್ ಹುಂಜವನ್ನ ಮಡಿಲಿಗೆ ತೆಗೆದುಕೊಂಡಾಗ ಕಲ್ಲು ಹಿಡಿದ ಹಾಗಿತ್ತು. ಎದೆಯಲ್ಲಿ ಮೆತ್ತಗಿನ ಜಾಗವೇ ಇಲ್ಲ. ಬಿಳಿಚಿದ ಕಣ್ಣಲ್ಲಿ ನನ್ನನ್ನೇ ದಿಟ್ಟಿಸಿ ನೋಡುತ್ತಿತ್ತು. ಅದರಲ್ಲಿ ಅಸೀಲ್ ರಕ್ತ ಇದೆ ಅನ್ನೋದಕ್ಕೆ ಅನುಮಾನ ಉಳಿಯಲಿಲ್ಲ. ಪೂರ್ತಿ ಅಸೀಲಾ? ಒಂಟಿ ಜುಟ್ಟಿನ ಕೋಳಿ ಜೊತೆ ಬೆರೆತರೂ ಮರಿಗಳಿಗೆ ಬಟಾಣಿ ಜುಟ್ಟಿನ ಛಾಯೆ ಬರುತ್ತೆ, ಸ್ವಲ್ಪ ಎತ್ತರ ಜಾಸ್ತಿ ಅಷ್ಟೇ. ನಮ್ಮದು ಅಂಥದ್ದೇ.

ಒಂಟಿ ಜುಟ್ಟಿನ ಐದು ಹೇಟೆ ಬೇರೆ ಕಥೆ. ಭಾರವಾದ ಮೈ, ದೊಡ್ಡ ಜುಟ್ಟು, 50 ಗ್ರಾಂ ದಾಟುವ ಕಂದು ಮೊಟ್ಟೆ, ಕಾವಿಗೆ ಕೂರೋ ಮಾತೇ ಇಲ್ಲ. ಇದು ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಹಿತ್ತಿಲಲ್ಲಿ ಸಾಕೋಕೆ ಅಂತಲೇ ಬೆಳೆಸಿದ ತಳಿ. ಬಣ್ಣಬಣ್ಣದ ಪುಕ್ಕ ಇರೋದರಿಂದ ಸಂತೆಯಲ್ಲಿ ನಾಟಿ ಅಂತಲೇ ಹೋಗುತ್ತೆ. ನಮ್ಮೂರಿಗೂ ಯಾವಾಗಲೋ ಮರಿ ಬಂದಿದ್ದು ಅಮ್ಮನಿಗೆ ನೆನಪಿತ್ತು. ಗಿರಿರಾಜ ಕೆಟ್ಟದ್ದು ಅಂತಲ್ಲ, ಮೊಟ್ಟೆ ಬೇಕಾದರೆ ಅದೇ ಮೇಲು. ಆದರೆ ಅದರ ಹುಂಜ ಒಂದು ಹಿತ್ತಿಲಿಗೆ ಬಂದರೆ ಮೂರು ವರ್ಷಕ್ಕೆ ಅಲ್ಲಿ ಹಳೆಯದು ಯಾವುದು ಹೊಸದು ಯಾವುದು ಗೊತ್ತಾಗಲ್ಲ.

ಬೋಳು ಕತ್ತಿನವು ಎರಡಿದ್ದವು. ಇದೊಂದು ಸುಲಭ. ಕತ್ತಿನ ಮುಂಭಾಗದಲ್ಲಿ ಒಂದು ಕುಚ್ಚು ಪುಕ್ಕ ಉಳಿದಿದ್ದರೆ ಅದಕ್ಕೆ ಬೋಳುತನ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಕುಚ್ಚೂ ಇಲ್ಲದೆ ಪೂರ್ತಿ ಬೋಳಾಗಿದ್ದರೆ ಇಬ್ಬರಿಂದಲೂ ಬಂದಿದೆ. ನಮ್ಮ ಎರಡಕ್ಕೂ ಕುಚ್ಚಿತ್ತು.

ಕಡಕ್‌ನಾಥ್ ವಿಷಯದಲ್ಲಿ ಮಾತ್ರ ದುಡ್ಡು ಕಳೆದುಕೊಂಡೆ. ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ ಅದು, ಪುಕ್ಕ, ಚರ್ಮ, ಬಾಯಿ ಎಲ್ಲ ಕಪ್ಪು. 2018ರಲ್ಲಿ ಅದರ ಮಾಂಸಕ್ಕೆ ಜಿಐ ಟ್ಯಾಗ್ (ಆ ಸೀಮೆಯದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕ ಮೇಲೆ ಎಲ್ಲರಿಗೂ ಅದೇ ಬೇಕು. ಒಬ್ಬ ಮಾರಾಟಗಾರನಿಂದ ಹತ್ತು ಮರಿ ತಂದೆ. ಎಲ್ಲ ಕರ್ರಗಿದ್ದವು. ನಾಲ್ಕು ತಿಂಗಳಿಗೆ ಹುಂಜಗಳ ಜುಟ್ಟು ಕೆಂಪಾಯಿತು. ಬಾಯಿ ತೆಗೆದು ನೋಡಿದರೆ ನಾಲಿಗೆ ಗುಲಾಬಿ. ಹೇಟೆಗಳು ಮಾತ್ರ ಚರ್ಮ, ಬಾಯಿ ಎಲ್ಲ ಕಪ್ಪು. ಹಾಗೆ ಬಂದರೆ ಅಪ್ಪ ಕಡಕ್‌ನಾಥ್, ಅಮ್ಮ ಬಿಳಿಯೋ ಹಳದಿಯೋ ಕಾಲಿನ ಬೇರೆ ಕೋಳಿ ಅಂತ ಲೆಕ್ಕ. ಅಪ್ಪನ ಕಪ್ಪು ಹೆಣ್ಣುಮಕ್ಕಳಿಗೆ ಪೂರ್ತಿ ಇಳಿಯುತ್ತೆ, ಗಂಡುಮಕ್ಕಳಲ್ಲಿ ಅರೆಬರೆ. ಆದ್ದರಿಂದ ಪುಕ್ಕ ನೋಡಿ ಕೊಳ್ಳಬೇಡಿ, ಬಾಯಿ ತೆಗೆಸಿ ನೋಡಿ. ಕಪ್ಪು ಮೊಟ್ಟೆ ಇಡುತ್ತೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದರ ಮೊಟ್ಟೆ ತಿಳಿ ಕಂದು.

ಉಳಿದವೇ ನನ್ನನ್ನ ಜಾಸ್ತಿ ಕಾಡಿದ್ದು. ಹದಿನಾರು ಕೋಳಿ. ಮಧ್ಯಮ ಗಾತ್ರ, ನೆಟ್ಟಗಿನ ಗಟ್ಟಿ ಕಾಲು, ಬಹುಪಾಲಿಗೆ ಬಟಾಣಿ ಜುಟ್ಟು, ಗಂಟಲ ಕೆಳಗೆ ಚರ್ಮ ಸಡಿಲವಾಗಿ ಜೋತಿರುತ್ತೆ. ಹುಂಜಕ್ಕೆ ಕತ್ತಲ್ಲಿ ಹೊನ್ನಿನ ಬಣ್ಣ, ಎದೆ ಬಾಲ ನೀಲಿಗಪ್ಪು. ಜ್ವರದ ಔಷಧಿಗೆ ಹೋದಾಗ ಪಶುವೈದ್ಯರಿಗೆ ಫೋಟೋ ತೋರಿಸಿದೆ. 'ಘಾಗಸ್ ಹೆಸರು ಕೇಳಿಲ್ವಾ? ನಿಮ್ಮ ಕೋಲಾರದ್ದೇ ಕೋಳಿ' ಅಂದರು. ಹರಿಯಾಣದ ಕರ್ನಾಲ್‌ನಲ್ಲಿ ದೇಸಿ ತಳಿಗಳನ್ನ ನೋಂದಣಿ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಅವರ ಪಟ್ಟಿಯಲ್ಲಿ ಆಂಧ್ರ, ಕರ್ನಾಟಕ ಎರಡರ ಹೆಸರಲ್ಲೂ ಘಾಗಸ್ ಇದೆ. ಚಿತ್ತೂರು, ಅನಂತಪುರ, ನಮ್ಮ ಕೋಲಾರ, ಇದರ ಸೀಮೆ. ನಮ್ಮೂರಲ್ಲಿ ಆ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ.

ಹೆಸರು ಸಿಕ್ಕಿತು ಅಂತ ಖುಷಿಯಾದೆ. ಆದರೆ ನೋಡೋಕೆ ಹಾಗಿರೋದು ಬೇರೆ, ಮರಿಗೆ ಅದನ್ನೇ ಇಳಿಸೋದು ಬೇರೆ. ಆ ಹದಿನಾರರಲ್ಲಿ ಎಂಟು ಹೇಟೆ, ಒಂದು ಹುಂಜ ಆರಿಸಿ ಬಲೆ ಹಾಕಿ ಬೇರೆ ಮಾಡಿದೆ. ನಾಲ್ಕನೇ ದಿನದಿಂದಲೇ ಮೊಟ್ಟೆ ಕೂಡಿಟ್ಟು ಕಾವಿಗೆ ಇಟ್ಟೆ. ದೊಡ್ಡ ತಪ್ಪು. ಹಳೇ ಹುಂಜದ ಬೀಜ ಹೇಟೆಯ ಹೊಟ್ಟೆಯಲ್ಲಿ ಎರಡು ವಾರದ ಮೇಲೂ ಉಳಿಯುತ್ತೆ. ಹದಿಮೂರರಲ್ಲಿ ಐದು ಮರಿ ಗಿರಿರಾಜದ ದಪ್ಪ ಕಾಲು ಹೊತ್ತುಕೊಂಡೇ ಹುಟ್ಟಿದವು. ಎರಡನೇ ಸಲ ಮೂರು ವಾರ ಮೊಟ್ಟೆಯೆಲ್ಲ ಅಡುಗೆಮನೆಗೆ ಕೊಟ್ಟೆ, ಆಮೇಲೆ ಕೂಡಿಟ್ಟೆ. ಆಗ ಮರಿಗಳು ಹೆಚ್ಚುಕಡಿಮೆ ಒಂದೇ ಥರ ಬಂದವು. ಮೂರಕ್ಕೆ ಮಾತ್ರ ಒಂಟಿ ಜುಟ್ಟು. ಅವುಗಳ ಅಮ್ಮ ಯಾರು ಅಂತ ಮೊಟ್ಟೆ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ನಂಬರಿನಿಂದ ಗೊತ್ತಾಯಿತು. ಆದರೆ ಅಪ್ಪನಲ್ಲೂ ಒಂಟಿ ಜುಟ್ಟು ಅಡಗಿರದೆ ಮರಿಗೆ ಹಾಗೆ ಬರಲ್ಲ. ಹುಂಜವನ್ನೇ ಬದಲಾಯಿಸಿದೆ. ಮತ್ತೆ ಮೂರು ವಾರ ಆಮ್ಲೆಟ್.

ಯಾವ ಹೇಟೆ ಉಳಿಸೋದು ಅಂತ ನಿರ್ಧಾರ ಮಾಡೋಕೆ ಕೈಯೇ ಅಳತೆಗೋಲು. ಹಿಂಭಾಗದಲ್ಲಿ ಎರಡು ಸಣ್ಣ ಮೂಳೆ ಸಿಗುತ್ತವೆ. ನಡುವೆ ಎರಡು ಮೂರು ಬೆರಳು ಹಿಡಿದರೆ ಮೊಟ್ಟೆ ಇಡುತ್ತಿದೆ ಅಂತ, ಒಂದೇ ಬೆರಳಾದರೆ ನಿಂತಿದೆ ಅಂತ. ಹಳದಿ ಕಾಲಿನವು ಮೊಟ್ಟೆ ಇಡ್ತಾ ಇಡ್ತಾ ಕಾಲು ಬಿಳಿಚಿಕೊಳ್ಳುತ್ತವೆ. ಹಾಗಾಗಿ ಕಾಲು ಮಿರಮಿರ ಹಳದಿ ಇರೋ ಹೇಟೆ ನೋಡಿ ಮರುಳಾಗಬೇಡಿ, ಸುಮ್ನೆ ತಿಂದುಕೊಂಡು ಇರಬಹುದು.

ನೋಟ್‌ಬುಕ್ಕಲ್ಲಿ ಬರೆಯೋಕೆ ಆಗದ ಗುಣವೂ ಇದೆ. ಒಂದು ಮಧ್ಯಾಹ್ನ ಹದ್ದು ಬಂತು. ಹನ್ನೊಂದನೇ ನಂಬರ್ ಹೇಟೆ ಕತ್ತು ಓರೆ ಮಾಡಿ ಆಕಾಶ ನೋಡಿ, ಗಂಟಲಲ್ಲೇ ಒಂದು ಉದ್ದ 'ಕ್ರ್‌ರ್' ಎಳೆಯಿತು. ನಾಯಿಗೋ ಮುಂಗುಸಿಗೋ ಕೂಗುವ 'ಕೊಕ್ ಕೊಕ್' ಅಲ್ಲ, ಬೇರೆಯೇ. ಅದರ ಒಂಬತ್ತು ಮರಿ ಒಂದೇ ಉಸಿರಿಗೆ ಒಣಗಿದ ಮಾವಿನೆಲೆ ಕೆಳಗೆ ಮಾಯ. ನಾನು ನಿಂತ ಜಾಗದಿಂದ ಒಂದೂ ಕಾಣಲಿಲ್ಲ. ಅಮ್ಮನಿಲ್ಲದೆ ಬಲ್ಬಿನ ಕೆಳಗೆ ಬೆಳೆದ ನನ್ನ ಕರಿ ಮರಿಗಳು ಬಯಲಲ್ಲಿ ನಿಂತು ತಲೆ ಎತ್ತಿ ನೋಡುತ್ತಿದ್ದವು. ಒಂದು ಹೋಯಿತು.

ಗೆಳೆಯನಿಗೆ ಮೊಟ್ಟೆ ಕೊಟ್ಟಿದ್ದು ಈ ಯುಗಾದಿ ಆದಮೇಲೆ. ಟ್ರೇ ಮೇಲೆ 'ಘಾಗಸ್' ಅಂತ ಬರೆಯೋಣವಾ ಅಂತ ಯೋಚಿಸಿ, 'ಘಾಗಸ್ ಲಕ್ಷಣ, ಎರಡು ತಲೆಮಾರು ನೋಡಿದ್ದು, ಅಮ್ಮ 11 ಮತ್ತು 17' ಅಂತ ಬರೆದೆ. ಅವನು ಓದಿ, 'ಇದೇನು, ಪಹಣಿ ಥರ ಇದೆ' ಅಂದ. ಹನ್ನೆರಡು ಮೊಟ್ಟೆಯಲ್ಲಿ ಹತ್ತು ಮರಿಯಾಗಿವೆಯಂತೆ. ಜುಟ್ಟು ಬಂದ ಮೇಲೆ ಫೋಟೋ ಕಳಿಸು ಅಂದಿದ್ದೀನಿ.