ಕಣ್ಣು ಮುಚ್ಚಿಕೊಂಡು ನಿಮ್ಮ ಹೋಮ್‌ಸ್ಟೇ ಬುಕ್ ಮಾಡಿ ನೋಡಿ

ಮೂಡಿಗೆರೆ, ಸಕಲೇಶಪುರ ಕಡೆಯ ಹೋಮ್‌ಸ್ಟೇ ವೆಬ್‌ಸೈಟುಗಳಲ್ಲಿ ಮಂಜು, ಕಾಫಿ ತೋಟದ ಫೋಟೊಗಳಿಗೆ ಬರವಿಲ್ಲ. ಬಾಡಿಗೆ ಎಷ್ಟು, ಊಟ ಸೇರಿದೆಯೇ ಎಂಬ ವಿವರ ಮಾತ್ರ ಎಷ್ಟೋ ಕಡೆ ಬಣ್ಣದ ಪೋಸ್ಟರಿನೊಳಗೆ ಸಿಕ್ಕಿಕೊಂಡಿರುತ್ತದೆ. ದೃಷ್ಟಿ ಇಲ್ಲದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಅಲ್ಲಿಗೆ ಬಂದರೆ ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಸಾಗುವುದುಂಟು. ಗಿರಾಕಿಯೂ ಮುಂದೆ ಸಾಗುತ್ತಾನೆ.

ಮೊದಲು ಪರೀಕ್ಷೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಆನ್ ಮಾಡಿ. (ಆಫ್ ಮಾಡುವ ದಾರಿ ಮೊದಲೇ ತಿಳಿದುಕೊಳ್ಳಿ, ಆನ್ ಆದಮೇಲೆ ಏನನ್ನೇ ಒತ್ತಲೂ ಎರಡು ಸಲ ತಟ್ಟಬೇಕು.) ಬೆರಳನ್ನು ಬಲಕ್ಕೆ ಸರಿಸುತ್ತಾ, ಪರದೆ ನೋಡದೆ ಬುಕಿಂಗ್‌ವರೆಗೆ ತಲುಪಿ. ವಿಂಡೋಸ್ ಕಂಪ್ಯೂಟರಿಗಾದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ.

ಎಡವಿದ ಕಡೆಯೇ ದುರಸ್ತಿ. ದರಪಟ್ಟಿಯನ್ನು ಪುಟದಲ್ಲೇ ಟೈಪ್ ಮಾಡಿ. ಫೋಟೊಗಳ ‘ಆಲ್ಟ್ ಟೆಕ್ಸ್ಟ್’ (ಸ್ಕ್ರೀನ್ ರೀಡರ್ ಓದಿ ಹೇಳುವ ಚಿತ್ರದ ವಿವರಣೆ) ಖಾನೆಯಲ್ಲಿ ‘ಸುಂದರ ಕೋಣೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಇಬ್ಬರ ಕೋಣೆ, ನೆಲಮಹಡಿ, ಬಚ್ಚಲು ಒಳಗೇ’ ಎನ್ನಿ. ಫಾರಂನ ಪ್ರತಿ ಖಾನೆಗೂ ಲೇಬಲ್ ಇರಲಿ.

ಕನ್ನಡ ಪುಟಗಳಿಗೆ ಇನ್ನೊಂದು ತೊಡಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ. ಒಳಗಿನ ಸಂಕೇತಗಳು ಇಂಗ್ಲಿಷ್ ಅಕ್ಷರಗಳವು. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದಂತೆ ಗೊಣಗುತ್ತದೆ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡಿಗೆ ಬದಲಿಸಿ, ಪುಟದ ಭಾಷೆ ‘ಕನ್ನಡ’ ಎಂದು ನಮೂದಿಸಲು ಡೆವಲಪರ್‌ಗೆ ಹೇಳಿ.

ಮಂದದೃಷ್ಟಿಯವರಿಗೆ ಬಣ್ಣ ಮುಖ್ಯ. ಮಂಜಿನ ಫೋಟೊ ಮೇಲೆ ಬಿಳಿ ಅಕ್ಷರ ಬೇಡ. ವೆಬ್‌ಸೈಟುಗಳನ್ನು ಅಂಗವಿಕಲರೂ ಬಳಸುವಂತೆ ಮಾಡುವ ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯುಸಿಎಜಿ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢದ ಅಂತರ) ಇರಬೇಕು. ಅಳೆಯುವ ಉಚಿತ ಉಪಕರಣಗಳಿವೆ.

ಇದೆಲ್ಲ ಉಪಕಾರವೆಂದು ತಿಳಿಯಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಕಿವಿ ಕೇಳದವರ ವಿಷಯಕ್ಕೆ ಬಂದರೆ, ತೋಟದ ವಿಡಿಯೊಗೆ ಕ್ಯಾಪ್ಶನ್ ಹಾಕಿ. ಯೂಟ್ಯೂಬ್ ತಾನಾಗಿ ಹಾಕಿದ್ದನ್ನು ಒಮ್ಮೆ ಓದಿ ತಿದ್ದಿ; ‘ಮುಳ್ಳಯ್ಯನಗಿರಿ’ಯಂಥ ಹೆಸರು ಅದಕ್ಕೆ ಏನೇನೋ ಕೇಳಿಸಬಹುದು. ‘ಬುಕಿಂಗ್‌ಗೆ ಕರೆ ಮಾಡಿ’ ಎಂಬುದರ ಪಕ್ಕದಲ್ಲೇ ವಾಟ್ಸ್‌ಆ್ಯಪ್ ನಂಬರನ್ನೂ ಕೊಡಿ. ಬಂದ ಮೆಸೇಜಿಗೆ ‘ಕಾಲ್ ಮಾಡಿ’ ಎಂದು ಉತ್ತರಿಸಬಾರದೆಂದು ಫೋನ್ ನೋಡಿಕೊಳ್ಳುವ ಹುಡುಗನಿಗೆ ಮೊದಲೇ ಹೇಳಿಡಿ.