ಹಬ್ಬದಿಂದ ಹಿಂದಕ್ಕೆ ಎಣಿಸಿ: ವರ್ಷವಿಡೀ ಸಮುದಾಯವಾಗಿ ನೊವೆನಾ ನಡೆಸುವ ಬಗೆ

ಒಂದು ಹಬ್ಬದ ಸಿದ್ಧತೆಗಾಗಿಯೋ ಒಂದು ಕೋರಿಕೆಯನ್ನು ದೇವರ ಮುಂದಿಡುವುದಕ್ಕಾಗಿಯೋ ಸತತವಾಗಿ ಒಂಬತ್ತು ದಿನ ಮಾಡುವ ಪ್ರಾರ್ಥನೆಯೇ ಕಥೋಲಿಕ ಧರ್ಮಸಭೆಯ ನೊವೆನಾ. ಇದನ್ನು ಮನೆಯಲ್ಲಿ ಒಬ್ಬರೇ ಕುಳಿತು ಹೇಳಿಕೊಳ್ಳಲು ಅಡ್ಡಿಯೇನಿಲ್ಲ. ಆದರೆ ಇದರ ಮೂಲ ಮಾದರಿ ಸಾಮೂಹಿಕವಾದದ್ದು. ಯೇಸುಸ್ವಾಮಿಯ ಸ್ವರ್ಗಾರೋಹಣದ ಬಳಿಕ ಪ್ರೇಷಿತರು (ಅವರು ಆರಿಸಿಕೊಂಡ ಆಪ್ತ ಶಿಷ್ಯರು), ಮಾತೆ ಮರಿಯಮ್ಮನವರು ಮತ್ತು ಇತರ ಸ್ತ್ರೀಯರು ಜೆರುಸಲೇಮಿನ ಮೇಲ್ಮಹಡಿಯಲ್ಲಿ ಒಮ್ಮನಸ್ಸಿನಿಂದ ಪ್ರಾರ್ಥಿಸುತ್ತಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯ ಹೇಳುತ್ತದೆ. ಈ ಪ್ರಸಂಗವನ್ನು ಅನುಸರಿಸಿಯೇ ಪಂಚಾಶತ್ತಮ ಹಬ್ಬದ, ಅಂದರೆ ಪವಿತ್ರಾತ್ಮರು ಪ್ರೇಷಿತರ ಮೇಲೆ ಇಳಿದುಬಂದದ್ದನ್ನು ಸ್ಮರಿಸುವ ಹಬ್ಬದ, ನೊವೆನಾ ರೂಪುಗೊಂಡಿತು. 1897ರಲ್ಲಿ ಪೋಪ್ 13ನೇ ಲಿಯೋ ಅದನ್ನು ಎಲ್ಲ ಧರ್ಮಕೇಂದ್ರಗಳಲ್ಲೂ ಪ್ರತಿವರ್ಷ ನಡೆಸುವಂತೆ ಆದೇಶಿಸಿದರು.

ಮೊದಲ ಹೆಜ್ಜೆ: ಆಯ್ಕೆ

ಉತ್ಸಾಹದಲ್ಲಿ ಹೆಚ್ಚಿನ ಗುಂಪುಗಳು ಎಡವುವುದು ಇಲ್ಲಿಯೇ. ಸಂತರ ಪಟ್ಟಿ ಉದ್ದವಾಗಿದೆ, ನೊವೆನಾ ಪುಸ್ತಿಕೆಗಳಿಗೆ ಕೊರತೆಯಿಲ್ಲ. ಒಂದು ಮುಗಿಯುವ ಮುನ್ನ ಇನ್ನೊಂದನ್ನು ಹಿಡಿದರೆ ಮೂರನೆಯ ತಿಂಗಳಿಗೆ ಪ್ರಾರ್ಥನೆ ಮುನ್ನಡೆಸುವವರು ಮಾತ್ರ ಉಳಿದಿರುತ್ತಾರೆ. ವರ್ಷಕ್ಕೆ ನಾಲ್ಕೋ ಐದೋ ಸಾಕು, ಆದರೆ ಹಿಡಿದದ್ದನ್ನು ಒಂಬತ್ತು ದಿನವೂ ಎಲ್ಲರೂ ಸೇರಿ ಪೂರೈಸಬೇಕು ಎಂಬುದು ನನ್ನ ಅಭಿಪ್ರಾಯ. ದೈವಾರಾಧನೆಯನ್ನು (ಬಲಿಪೂಜೆಯೇ ಮೊದಲಾದ ಧರ್ಮಸಭೆಯ ಅಧಿಕೃತ ಆರಾಧನೆಯನ್ನು) ಕುರಿತ 1963ರ ಸಂವಿಧಾನವೆಂಬ ದಸ್ತಾವೇಜಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಹೇಳಿರುವ ಮಾತು ಆಯ್ಕೆಗೆ ಒಳ್ಳೆಯ ಮಾನದಂಡ: ಜನರ ಭಕ್ತಿಕ್ರಮಗಳು ದೈವಾರಾಧನಾ ಕಾಲಗಳಿಗೆ ಹೊಂದಿಕೊಂಡಿರಬೇಕು ಮತ್ತು ಜನರನ್ನು ದೈವಾರಾಧನೆಯತ್ತಲೇ ಕರೆದೊಯ್ಯಬೇಕು. ಕ್ರಿಸ್ತಜಯಂತಿ, ಪಂಚಾಶತ್ತಮ ಹಬ್ಬ ಮತ್ತು ಅಮಲೋದ್ಭವಿ ಮಾತೆಯ (ಜನ್ಮಪಾಪದ ಸೋಂಕಿಲ್ಲದೆ ಉದ್ಭವಿಸಿದ ಮರಿಯಮ್ಮನವರ) ಹಬ್ಬಗಳಿಗೆ ಮುನ್ನ ಸಾರ್ವಜನಿಕವಾಗಿ ನಡೆಯುವ ನೊವೆನಾಗಳಲ್ಲಿ ಭಕ್ತಿಯಿಂದ ಪಾಲ್ಗೊಳ್ಳುವವರಿಗೆ ಧರ್ಮಸಭೆ ಆಂಶಿಕ ದಂಡವಿಮೋಚನೆಯನ್ನು, ಅಂದರೆ ಕ್ಷಮೆ ದೊರೆತ ಪಾಪಗಳಿಗೂ ಉಳಿಯುವ ತಾತ್ಕಾಲಿಕ ದಂಡದಲ್ಲಿ ಒಂದು ಭಾಗದ ಮಾಫಿಯನ್ನು, ನೀಡುತ್ತದೆ. ಆದ್ದರಿಂದ ಈ ಮೂರನ್ನು ಮೊದಲು ಬರೆದುಕೊಂಡು, ನಿಮ್ಮ ದೇವಾಲಯದ ಪಾಲಕ ಸಂತರದ್ದನ್ನು ಸೇರಿಸಿ, ಐದನೆಯದನ್ನು ಸಮುದಾಯದ ಒಲವಿಗೆ ಬಿಡಬಹುದು.

ಎರಡನೆಯದು: ದಿನಗಳ ಲೆಕ್ಕ

ನೊವೆನಾದ ಒಂಬತ್ತನೆಯ ದಿನ ಹಬ್ಬದ ಮುನ್ನಾದಿನವೇ ಹೊರತು ಹಬ್ಬದ ದಿನವಲ್ಲ. ಆದ್ದರಿಂದ ಹಬ್ಬದ ತಾರೀಖಿನಿಂದ ಹಿಂದಕ್ಕೆ ಎಣಿಸಬೇಕು. ಸಂತ ಜೋಸೆಫರ ಹಬ್ಬ ಮಾರ್ಚ್ 19ರಂದು ಬರುವುದರಿಂದ ಅವರ ನೊವೆನಾ ಮಾರ್ಚ್ 10ರಂದು ಆರಂಭವಾಗುತ್ತದೆ. ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಜೂನ್ 4, ಆಗಸ್ಟ್ 15ರ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕೆ ಆಗಸ್ಟ್ 6, ಸೆಪ್ಟೆಂಬರ್ 8ರ ಅವರ ಜನನದ ಹಬ್ಬಕ್ಕೆ ಆಗಸ್ಟ್ 30, ಡಿಸೆಂಬರ್ 8ರ ಅಮಲೋದ್ಭವಿ ಮಾತೆಯ ಹಬ್ಬಕ್ಕೆ ನವೆಂಬರ್ 29, ಕ್ರಿಸ್ತಜಯಂತಿಗೆ ಡಿಸೆಂಬರ್ 16 ಮೊದಲ ದಿನ. ಮೃತ ವಿಶ್ವಾಸಿಗಳಿಗಾಗಿ ಪ್ರಾರ್ಥಿಸುವವರು ಅಕ್ಟೋಬರ್ 24ರಂದು ಆರಂಭಿಸಿದರೆ ನವೆಂಬರ್ 2ರ ಸ್ಮರಣೆಗೆ ಸಿದ್ಧರಾಗಿರುತ್ತಾರೆ.

ಈಸ್ಟರ್‌ನೊಂದಿಗೆ ಸರಿಯುವ ಹಬ್ಬಗಳಿಗೆ ತಾರೀಖಿನ ಬದಲು ವಾರವನ್ನು ನೆನಪಿಟ್ಟುಕೊಳ್ಳುವುದು ಸುಲಭ. ದೈವಕರುಣೆಯ ನೊವೆನಾ ಶುಭ ಶುಕ್ರವಾರ ಆರಂಭವಾಗಿ, ಈಸ್ಟರ್ ನಂತರದ ಶನಿವಾರ ಮುಗಿಯುತ್ತದೆ. ಅದರ ಮೊದಲ ದಿನಗಳಲ್ಲಿ ಪವಿತ್ರ ವಾರದ ವಿಧಿಗಳೇ ದೀರ್ಘವಾಗಿರುವುದರಿಂದ ನೊವೆನಾವನ್ನು ಚಿಕ್ಕದಾಗಿ ಇರಿಸಬೇಕು. ಪಂಚಾಶತ್ತಮದ ನೊವೆನಾ ಈಸ್ಟರಿನಿಂದ ಎಣಿಸಿದರೆ ಆರನೆಯ ವಾರದ ಶುಕ್ರವಾರ, ಅಂದರೆ ಸ್ವರ್ಗಾರೋಹಣದ ಗುರುವಾರದ ಮರುದಿನ, ಆರಂಭವಾಗುತ್ತದೆ. ಸ್ವರ್ಗಾರೋಹಣವನ್ನು ಭಾನುವಾರಕ್ಕೆ ಮುಂದೂಡಿ ಆಚರಿಸುವ ದೇಶಗಳಲ್ಲೂ ಈ ಶುಕ್ರವಾರ ಬದಲಾಗುವುದಿಲ್ಲ. ಇಲ್ಲದಿದ್ದರೆ ಒಂಬತ್ತು ದಿನ ಸಿಗುವುದೇ ಇಲ್ಲ.

ಇನ್ನೊಂದು ತೊಡಕನ್ನು ಗಮನಿಸಬೇಕು. ಮಾರ್ಚ್ 19 ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಭಾನುವಾರ ಬಿದ್ದರೆ ಸಂತ ಜೋಸೆಫರ ಮಹೋತ್ಸವವನ್ನು ಸಾಮಾನ್ಯವಾಗಿ ಸೋಮವಾರಕ್ಕೆ ಸರಿಸಲಾಗುತ್ತದೆ. 2023ರಲ್ಲಿ ಹೀಗೆಯೇ ಆಯಿತು. ಡಿಸೆಂಬರ್ 8 ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದ ಭಾನುವಾರವಾದರೂ ಇದೇ ನಿಯಮ. ಆಗ ನೊವೆನಾವನ್ನೂ ಒಂದು ದಿನ ಮುಂದಕ್ಕೆ ಹಾಕಿಕೊಳ್ಳಬೇಕು. ಅಚ್ಚಾದ ಪಂಚಾಂಗವನ್ನು ನೋಡದೆ ಕಳೆದ ವರ್ಷದ ಪ್ರಕಟಣೆಯನ್ನೇ ನಕಲು ಮಾಡುವವರಿಗೆ ಇದು ತಿಳಿಯುವುದು ಎಂಟನೆಯ ದಿನ.

ಮೂರನೆಯದು: ಹೊಣೆ ಹಂಚುವುದು

ದಿನಗಳು ಗೊತ್ತಾದ ಮೇಲೆ ಧರ್ಮಕೇಂದ್ರದ ಗುರುಗಳನ್ನು ಭೇಟಿಯಾಗಿ ಸ್ಥಳ, ವೇಳೆ ಮತ್ತು ಬಳಸುವ ಪ್ರಾರ್ಥನಾ ಪಠ್ಯಕ್ಕೆ ಅವರ ಒಪ್ಪಿಗೆ ಪಡೆಯಬೇಕು. ಪಠ್ಯ ಯಾವುದಾದರೂ ಆಗಲಿ, ಎಲ್ಲರ ಕೈಯಲ್ಲೂ ಒಂದೇ ಅನುವಾದ ಇರಬೇಕು. ಹಳೆಯ ಪುಸ್ತಿಕೆಯವರು ಒಂದು ಪದ, ಹೊಸ ಪುಸ್ತಿಕೆಯವರು ಇನ್ನೊಂದು ಪದ ಹೇಳುತ್ತಿದ್ದರೆ ಪ್ರಾರ್ಥನೆ ಗೊಂದಲವಾಗುತ್ತದೆ. ಒಂಬತ್ತು ದಿನಗಳನ್ನು ಒಂಬತ್ತು ಕುಟುಂಬಗಳಿಗೋ ಬಳಗಗಳಿಗೋ ಹಂಚಿಬಿಟ್ಟರೆ ವಾಚನ, ಗಾಯನ, ದೇವಾಲಯದ ಬಾಗಿಲು ತೆರೆದು ಮುಚ್ಚುವ ಕೆಲಸ ಒಬ್ಬರ ತಲೆಗೇ ಬರುವುದಿಲ್ಲ. ಹಾಸಿಗೆ ಹಿಡಿದವರು ಮತ್ತು ದೂರದ ಊರಿನಲ್ಲಿರುವವರು ಅದೇ ವೇಳೆಗೆ ಫೋನಿನಲ್ಲಿ ಸೇರಿಕೊಳ್ಳಬಹುದು. ಅವರಲ್ಲೊಬ್ಬರಿಗೆ ವಾಚನವನ್ನೂ ವಹಿಸಬಹುದು.

ನಾಲ್ಕನೆಯದು: ಒಂದು ಸಂಜೆಯ ಕ್ರಮ

ಮೂವತ್ತು ನಿಮಿಷ ಮೀರಬಾರದು. ಶಿಲುಬೆಯ ಗುರುತು, ಒಂದು ಗೀತೆ, ಶುಭಸಂದೇಶದಿಂದಲೋ ಹಬ್ಬಕ್ಕೆ ತಕ್ಕ ಬೇರೆ ಗ್ರಂಥಭಾಗದಿಂದಲೋ ಕಿರುವಾಚನ, ಸ್ವಲ್ಪ ಮೌನ, ಕೋರಿಕೆಗಳು, ಆ ದಿನದ ನೊವೆನಾ ಪ್ರಾರ್ಥನೆ, ಪರಲೋಕ ಪ್ರಾರ್ಥನೆ, ನಮೋ ಮರಿಯಾ, ತ್ರಿತ್ವ ಸ್ತುತಿ, ಮುಕ್ತಾಯ ಗೀತೆ ಎಂಬ ಅನುಕ್ರಮ ಎಲ್ಲ ನೊವೆನಾಗಳಿಗೂ ಒಗ್ಗುತ್ತದೆ. ವಾಚನಗಳಿಗೆ ಹಬ್ಬವೇ ದಾರಿ ತೋರಿಸುತ್ತದೆ. ಪಂಚಾಶತ್ತಮಕ್ಕೆ ಮೊದಲ ದಿನ ಪವಿತ್ರಾತ್ಮರನ್ನು ಕುರಿತು, ನಡುವಿನ ಏಳು ದಿನ ಅವರ ಏಳು ವರಗಳಲ್ಲಿ ಒಂದೊಂದನ್ನು ಕುರಿತು, ಕೊನೆಯ ದಿನ ಅವರ ಫಲಗಳನ್ನು ಕುರಿತು ಓದುವ ಪದ್ಧತಿಯಿದೆ. ಕ್ರಿಸ್ತಜಯಂತಿಯ ನೊವೆನಾದಲ್ಲಿ ಡಿಸೆಂಬರ್ 17ರಿಂದ 23ರವರೆಗೆ ಧರ್ಮಸಭೆಯ ಸಂಜೆಯ ಪ್ರಾರ್ಥನೆಯಲ್ಲಿ ಬರುವ, ‘ಓ ಜ್ಞಾನವೇ’ ಎಂದು ತೊಡಗಿ ‘ಓ ಇಮ್ಮಾನುವೇಲರೇ’ ಎಂದು ಮುಗಿಯುವ ಏಳು ಪ್ರಾಚೀನ ಪಲ್ಲವಿಗಳು ಎರಡನೆಯ ದಿನದಿಂದ ಎಂಟನೆಯ ದಿನದವರೆಗೆ ಸರಿಯಾಗಿ ಕೂಡಿಕೊಳ್ಳುತ್ತವೆ.

ಮುನ್ನಡೆಸುವವರು ಗತಿಯನ್ನು ಕಾಯಬೇಕು. ನಮೋ ಮರಿಯಾ ಪ್ರಾರ್ಥನೆಯ ಪೂರ್ವಾರ್ಧ ಮುಗಿದು ‘ಯೇಸು’ ಎಂಬ ಹೆಸರು ಪೂರ್ತಿ ಕೇಳಿಸಿದ ಮೇಲೆಯೇ ಜನ ‘ಸಂತ ಮರಿಯೇ’ ಎಂದು ಎತ್ತಿಕೊಳ್ಳಬೇಕು. ಒಬ್ಬರ ಮಾತಿನ ಬಾಲದ ಮೇಲೆ ಇನ್ನೊಬ್ಬರು ಹತ್ತಿದರೆ ಮೂರನೆಯ ಸುತ್ತಿಗೆ ಅದು ಓಟವಾಗುತ್ತದೆ.

ಕೋರಿಕೆಗಳಿಗೆ ಬಾಗಿಲ ಬಳಿ ಒಂದು ಪೆಟ್ಟಿಗೆ, ಚೀಟಿ, ಪೆನ್ನು ಇರಲಿ. ಚೀಟಿಗಳನ್ನು ಮೊದಲೇ ಒಬ್ಬರು ಓದಿ ನೋಡುವುದು ಅಗತ್ಯ. ‘ಕುಡಿತ ಬಿಡದ ನನ್ನ ಗಂಡನಿಗಾಗಿ’ ಎಂದು ಹೆಸರುಸಹಿತ ಬರೆದ ಚೀಟಿಯನ್ನು ಹಾಗೆಯೇ ಓದಿದರೆ ಆ ಮನೆಯ ಸಂಕಟ ಎಲ್ಲರ ಬಾಯಿಗೆ ಬೀಳುತ್ತದೆ. ‘ಮದ್ಯದ ಚಟದಿಂದ ನೊಂದಿರುವ ಕುಟುಂಬಗಳಿಗಾಗಿ’ ಎಂದರೆ ಬರೆದವರಿಗೂ ತಲುಪುತ್ತದೆ, ದೇವರಿಗೂ ತಿಳಿಯುತ್ತದೆ. ಕಾಯಿಲೆಯ ಹೆಸರು, ಸಾಲದ ಮೊತ್ತ, ಮದುವೆಯ ಮಾತುಕತೆ ಇವನ್ನೂ ಹೀಗೆಯೇ ಸಾಮಾನ್ಯಗೊಳಿಸಬೇಕು.

ಒಂದು ದಿನ ತಪ್ಪಿದರೆ?

ಪಾಪವಲ್ಲ, ಮೊದಲಿನಿಂದ ಆರಂಭಿಸಬೇಕಾಗಿಯೂ ಇಲ್ಲ. ಮರುದಿನ ಬಂದು ಸೇರಿಕೊಳ್ಳಬೇಕು, ಅಷ್ಟೇ. ಒಂಬತ್ತು ಎಂಬ ಸಂಖ್ಯೆಯೇ ಕೆಲಸ ಮಾಡಿಕೊಡುತ್ತದೆ ಎಂಬ ನಂಬಿಕೆಯನ್ನು ಧರ್ಮಸಭೆ ಒಪ್ಪುವುದಿಲ್ಲ: ಅಂತರಂಗದ ಭಾವವನ್ನು ಬಿಟ್ಟು, ಪ್ರಾರ್ಥನೆಯ ಬಾಹ್ಯ ಆಚರಣೆಗೇ ಶಕ್ತಿಯನ್ನು ಆರೋಪಿಸುವುದು ಮೂಢನಂಬಿಕೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2111ನೇ ಪರಿಚ್ಛೇದ ಹೇಳುತ್ತದೆ. ‘ಈ ನೊವೆನಾ ಎಂದೂ ವಿಫಲವಾಗಿಲ್ಲ, ಒಂಬತ್ತು ಪ್ರತಿ ಮಾಡಿ ಹಂಚಿ’ ಎಂಬ ಚೀಟಿಗಳು ದೇವಾಲಯದ ಬೆಂಚುಗಳಲ್ಲಿ ಕಂಡರೆ ಮುಲಾಜಿಲ್ಲದೆ ತೆಗೆದುಹಾಕಬೇಕು. ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬಾರದು.

ಒಂಬತ್ತನೆಯ ದಿನ ಮತ್ತು ಮುಂದಕ್ಕೆ

ಕೊನೆಯ ದಿನಗಳಲ್ಲಿ ಪಾಪನಿವೇದನೆಗೆ ಹೆಚ್ಚಿನ ವೇಳೆ ಕೊಡುವಂತೆ ಗುರುಗಳನ್ನು ಕೇಳಿಕೊಳ್ಳಿ. ಹಬ್ಬದ ಬಲಿಪೂಜೆಯಲ್ಲಿ ಎಲ್ಲರೂ ಪರಮಪ್ರಸಾದ ಸ್ವೀಕರಿಸುವಂತಾದರೆ ಒಂಬತ್ತು ದಿನಗಳು ತಲುಪಬೇಕಾದಲ್ಲಿಗೆ ತಲುಪಿದಂತೆ. ಕೋರಿಕೆಯ ಚೀಟಿಗಳನ್ನು ಕಸದ ಬುಟ್ಟಿಗೆ ಹಾಕದೆ, ಯಾರೂ ಮತ್ತೆ ಓದದಂತೆ ಸುಟ್ಟುಬಿಡಬೇಕು.

ವಾರಕ್ಕೊಮ್ಮೆ, ಹೆಚ್ಚಾಗಿ ಬುಧವಾರ, ನಡೆಯುವ ನಿತ್ಯಾಧಾರ ಮಾತೆಯ ನಿರಂತರ ನೊವೆನಾ ಬೇರೆಯದೇ ಬಗೆ. 1866ರಲ್ಲಿ ಪೋಪ್ 9ನೇ ಪಿಯುಸ್ ಆ ಮಾತೆಯ ಪ್ರತಿಮಾಚಿತ್ರವನ್ನು ರಿಡೆಂಪ್ಟರಿಸ್ಟ್ ಎಂಬ ಸನ್ಯಾಸಿ ಸಭೆಯ ಗುರುಗಳಿಗೆ ಒಪ್ಪಿಸಿದ ನಂತರ ಈ ಭಕ್ತಿ ಜಗತ್ತಿನಾದ್ಯಂತ ಹರಡಿತು. ಅದು ಈಗಾಗಲೇ ನಡೆಯುತ್ತಿರುವಲ್ಲಿ, ಹಬ್ಬದ ನೊವೆನಾದ ದಿನಗಳಲ್ಲಿ ಬುಧವಾರ ಎರಡನ್ನೂ ಒಂದೇ ಸಂಜೆಯಲ್ಲಿ ಸೇರಿಸಿಬಿಡುವುದು ಒಳ್ಳೆಯದು.

ಮುಂದಿನ ವರ್ಷದ ಪಟ್ಟಿಯನ್ನು ಜನವರಿಯಲ್ಲಿ, ಮೂರು ರಾಯರ ಹಬ್ಬದ ಹೊತ್ತಿಗೆ ತಯಾರಿಸಬಹುದು. ಆ ಹಬ್ಬದಂದು ಆ ವರ್ಷದ ಈಸ್ಟರ್ ಮತ್ತು ಇತರ ಸರಿಯುವ ಹಬ್ಬಗಳ ತಾರೀಖುಗಳನ್ನು ದೇವಾಲಯದಲ್ಲಿ ಸಾರುವ ಹಳೆಯ ಕ್ರಮವಿದೆ. ಅವನ್ನು ಗುರುತು ಹಾಕಿಕೊಂಡು, ಪ್ರತಿಯೊಂದು ನೊವೆನಾದ ಮೊದಲ ದಿನವನ್ನೂ ಆ ದಿನದ ಹೊಣೆ ಹೊತ್ತ ಕುಟುಂಬದ ಹೆಸರನ್ನೂ ಬರೆದು ಸೂಚನಾ ಫಲಕಕ್ಕೆ ಹಚ್ಚಿ.