8 ದಿನದ ರಜೆ, 4 ದಿನದ ಹಿಮ: ಕಲಬುರಗಿಯಿಂದ ಗುಲ್ಮಾರ್ಗ್‌ಗೆ

ಸಾಹುಕಾರರು ಕೊಟ್ಟ ರಜೆ 8 ದಿನ. ಅದೂ ಫೆಬ್ರುವರಿಯಲ್ಲಿ, ಹೊಸ ತೊಗರಿ ಬರುವ ಹೊತ್ತಿನಲ್ಲಿ. ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು ಆಗ ರಜೆ ಕೇಳುವುದು ಅಂದ್ರೆ ಮದುವೆ ದಿನ ಅಡುಗೆಯವನು ಊರಿಗೆ ಹೊರಟ ಹಾಗೆ. "ಜಾರಾಕ ಕಾಶ್ಮೀರಕ್ಕ ಯಾಕ ಹೋಗ್ತಿಯೋ? ಬಚ್ಚಲದಾಗ ಸಾಬೂನ ಒಗದು ನಿಂದ್ರು, ತಾನ ಜಾರ್ತಿ" ಅಂದರು. ಆದರೂ ರಜೆ ಕೊಟ್ಟರು.

ಹಿಮದ ಮೇಲೆ ಜಾರೋದು, ಅಂದ್ರೆ ಸ್ಕೀ, ಸ್ನೋಬೋರ್ಡ್ ಕಲಿಯೋಕೆ ಹೊರಟವರು ನಾಲ್ಕು ಜನ. ನಾನು, ನನ್ನ ತಮ್ಮ, ಗೆಳೆಯ, ಗೆಳೆಯನ ಹೆಂಡತಿ. ಯಾರೂ ಅದುವರೆಗೆ ಫ್ರಿಜ್‌ನ ಹೊರಗೆ ಹಿಮ ನೋಡಿದವರಲ್ಲ. ಮೊದಲ ದಿನವೇ ಮಿಲ್‌ನ ಹಳೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಹೋಗೋಕೆ 2 ದಿನ, ಬರೋಕೆ 2 ದಿನ, ಉಳಿದದ್ದು 4. ಆ ನಾಲ್ಕು ದಿನ ಒಂದು ಗಂಟೆಯೂ ಸೋರಬಾರದು ಅಂತ ತೀರ್ಮಾನ ಮಾಡಿಕೊಂಡೆ. ಆಮೇಲೆ ಎಲ್ಲಿಗೆ, ಹೇಗೆ, ಎಲ್ಲಿ ಉಳಿಯೋದು ಅನ್ನುವ ಪ್ರತಿ ಪ್ರಶ್ನೆಗೂ ಒಂದೇ ಪರೀಕ್ಷೆ: ಇದು ನನ್ನ ನಾಲ್ಕು ದಿನದಲ್ಲಿ ಎಷ್ಟು ತಿನ್ನುತ್ತದೆ?

ಉತ್ತರಾಖಂಡದ ಔಲಿ ಮೊದಲು ಬಿದ್ದುಹೋಯಿತು. ಇಳಿಜಾರು ಚೆನ್ನಾಗಿದೆ ಅಂತಾರೆ, ನಿಜ. ಆದರೆ ಹರಿದ್ವಾರದಿಂದ ಜೋಶಿಮಠದವರೆಗಿನ ಬೆಟ್ಟದ ರಸ್ತೆಗೇ ಪೂರ್ತಿ ಒಂದು ದಿನ. ಜೋಶಿಮಠದಿಂದ ಮೇಲೆ ಹೋಗುತ್ತಿದ್ದ ರೋಪ್‌ವೇ ಕೂಡ 2023ರ ಜನವರಿಯಲ್ಲಿ ಊರಿನ ನೆಲ ಕುಸಿಯತೊಡಗಿದಾಗ ನಿಂತಿತು. ಸೋಲಂಗ್ ಮನಾಲಿ ಊರಿಗೆ ಹತ್ತಿರ, 13 ಕಿಲೋಮೀಟರ್ ಅಷ್ಟೇ. ಆದರೆ ದೆಹಲಿಯಿಂದ ಮನಾಲಿಗೆ ರಾತ್ರಿಯಿಡೀ ಬಸ್ಸು. ಗುಲ್ಮಾರ್ಗ್ ಹಾಗಲ್ಲ. ಶ್ರೀನಗರದಲ್ಲಿ ವಿಮಾನ ಇಳಿದರೆ ಐವತ್ತು ಚಿಲ್ಲರೆ ಕಿಲೋಮೀಟರ್. ಊರೇ 2,650 ಮೀಟರ್ ಎತ್ತರದಲ್ಲಿದೆ. ನಮ್ಮ ಕಲಬುರಗಿ ಇರೋದು ಸುಮಾರು 450 ಮೀಟರ್‌ನಲ್ಲಿ. ಅಲ್ಲಿಗೇ ತೀರ್ಮಾನ ಆಯಿತು.

ಯಾವಾಗ ಅನ್ನೋದರಲ್ಲಿ ನಾನು ತಪ್ಪು ಮಾಡುವವನಿದ್ದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಕಡುಚಳಿ, ಅದಕ್ಕೆ ಅವರು ಚಿಲ್ಲಾ-ಇ-ಕಲಾನ್ ಅಂತಾರೆ. ಹಾಗಾದರೆ ಜನವರಿಯಲ್ಲೇ ಹೋಗೋಣ ಅಂತಿದ್ದೆ. ಆದರೆ ಚಳಿ ಬೇರೆ, ಹಿಮ ಬೇರೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವಿಲ್ಲದೆ ಕಂದು ಬಣ್ಣಕ್ಕೆ ಬಂದಿತ್ತು, ತಿಂಗಳ ಕೊನೆಗೆ ಹಿಮ ಬಿತ್ತು. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಫೆಬ್ರುವರಿಯಿಂದ ಮಾರ್ಚ್‌ಗೆ ಹಾಕಿದರು. ನಮ್ಮ ಕಡೆ ಮೃಗಶಿರಾ ಮಳೆ ನಂಬಿದ ಹಾಗೆಯೇ ಇದೂ. ಅದಕ್ಕೇ ಫೆಬ್ರುವರಿ ಮೂರನೇ ವಾರ ಆರಿಸಿದೆ, ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ದಿನಾಂಕ ಬದಲಿಸಬಹುದಾದ ಟಿಕೆಟ್ ತಗೊಂಡೆ.

ದಾರಿಯ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮೂರ ಮೇಲೇ ಹೋಗುತ್ತೆ, ಮನೆಯಿಂದ ಆಟೋ ಹತ್ತಿ ಸ್ಟೇಷನ್‌ಗೆ ಇಳಿದರೆ ಆಯ್ತು ಅಂತ ಅವ್ವ. ಸರಿ, ಆದರೆ ದೆಹಲಿ ಮುಟ್ಟೋಕೆ ಒಂದು ದಿನಕ್ಕಿಂತ ಜಾಸ್ತಿ, ಅಲ್ಲಿಂದ ಮುಂದೆ ಮತ್ತೆ ಪ್ರಯಾಣ. ರೈಲಲ್ಲಿ ಹೋಗಿದ್ದರೆ ನಾಲ್ಕು ದಿನ ಎರಡಕ್ಕೆ ಇಳಿಯುತ್ತಿತ್ತು. ಹೈದರಾಬಾದ್ 220 ಕಿಲೋಮೀಟರ್ ದೂರ. ರಾತ್ರಿ ಹನ್ನೊಂದಕ್ಕೆ ಕಾರು ಹತ್ತಿ, ಬೆಳಗಿನ ಜಾವ ಶಂಶಾಬಾದ್ ಏರ್‌ಪೋರ್ಟ್ ಸೇರಿ, ದೆಹಲಿಯಲ್ಲಿ ವಿಮಾನ ಬದಲಿಸಿ ಮಧ್ಯಾಹ್ನಕ್ಕೆ ಶ್ರೀನಗರದಲ್ಲಿದ್ದೆವು. ಹಿಮ ಬಿದ್ದರೆ ಶ್ರೀನಗರದ ವಿಮಾನಗಳು ರದ್ದಾಗುತ್ತವೆ. ಹಾಗಾಗಿ ಬರುವಾಗ ಶ್ರೀನಗರದಲ್ಲಿ ಒಂದು ದಿನ ಖಾಲಿ ಇಟ್ಟಿದ್ದೆ. 2025ರ ಜೂನ್‌ನಿಂದ ಜಮ್ಮು ಕಡೆಯ ಕಟ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ರೈಲು ಶುರುವಾಗಿರೋದರಿಂದ ಕೈಗೆ ಇನ್ನೊಂದು ದಾರಿಯೂ ಇದೆ.

ಉಳಿಯೋದು ಎಲ್ಲಿ? ಶ್ರೀನಗರದಲ್ಲಿ ರೂಮು ಸೋವಿ, ದಿನಾ ಹೋಗಿ ಬರೋಣ ಅಂದ ಗೆಳೆಯ. ಕೇಳೋಕೆ ಚೆಂದ. ಆದರೆ ಗುಲ್ಮಾರ್ಗ್ ಕೆಳಗಿನ ತಂಗ್‌ಮಾರ್ಗ್‌ನಿಂದ ಕೊನೆಯ 13 ಕಿಲೋಮೀಟರ್ ಇದೆಯಲ್ಲ, ಹಿಮ ಬಿದ್ದ ದಿನ ಟೈರಿಗೆ ಸರಪಳಿ ಕಟ್ಟಿದ ಗಾಡಿ ಅಥವಾ ಫೋರ್ ಬೈ ಫೋರ್ ಮಾತ್ರ ಮೇಲೆ ಬಿಡುತ್ತಾರೆ. ಹಿಮ ಚೆನ್ನಾಗಿರುವ ದಿನವೇ ರಸ್ತೆ ಕೆಟ್ಟಿರುತ್ತದೆ. ನಾವು ಗುಲ್ಮಾರ್ಗ್‌ನಲ್ಲೇ ಉಳಿದೆವು. ರೂಮು ಸಣ್ಣದು, ಸಂಜೆ ಮಾತ್ರ ಬುಖಾರಿ ಹಚ್ಚುತ್ತಿದ್ದರು. ಬುಖಾರಿ ಅಂದ್ರೆ ಕಟ್ಟಿಗೆ ಹಾಕಿ ಉರಿಸುವ ತಗಡಿನ ಒಲೆ, ಹೊಗೆ ಹೋಗೋಕೆ ಒಂದು ಕೊಳವೆ. ಎರಡನೇ ಆಯ್ಕೆ ಅಂದ್ರೆ ತಂಗ್‌ಮಾರ್ಗ್. ಶ್ರೀನಗರದಿಂದ ಓಡಾಡೋದು ನನ್ನ ಮಟ್ಟಿಗೆ ದುಡ್ಡು ಉಳಿಸಿ ದಿನ ಕಳೆದುಕೊಳ್ಳುವ ಕೆಲಸ.

ತಮ್ಮನಿಗೆ ಸ್ಕೀ, ಸ್ನೋಬೋರ್ಡ್ ಎರಡೂ ಬೇಕಿತ್ತು. ಎರಡು ದಿನ ಇದು, ಎರಡು ದಿನ ಅದು. ನಾನು ಬೇಡ ಅಂದೆ. ಸ್ಕೀ ಅಂದ್ರೆ ಕಾಲಿಗೊಂದೊಂದು ಹಲಗೆ, ಕೈಯಲ್ಲಿ ಎರಡು ಕೋಲು, ಮುಖ ಮುಂದಕ್ಕೆ. ಮೊದಲ ದಿನವೇ ನಿಲ್ಲೋದು, ನಿಧಾನಕ್ಕೆ ಜಾರೋದು ಬರುತ್ತದೆ. ಆಮೇಲೆ ಕಷ್ಟ ಜಾಸ್ತಿ. ಸ್ನೋಬೋರ್ಡ್‌ನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿ ಅಡ್ಡ ನಿಲ್ಲಬೇಕು. ಮೊದಲ ಎರಡು ದಿನ ಬರೀ ಬೀಳೋದೇ. ಆಮೇಲೆ ಒಮ್ಮೆಲೇ ಕೈಗೆ ಹತ್ತುತ್ತದೆ. ಎರಡೂ ಮಾಡ್ತೀನಿ ಅಂದವನು ಬೋರ್ಡ್ ಕೈಗೆ ಹತ್ತುವ ಹೊತ್ತಿಗೆ ಬಿಟ್ಟು ಬಂದಿರುತ್ತಾನೆ. ಕೊನೆಗೆ ಗೆಳೆಯ ಒಬ್ಬನೇ ಬೋರ್ಡ್ ಹಿಡಿದ, ಉಳಿದ ಮೂವರು ಸ್ಕೀ.

ಕಲಿಸುವವರನ್ನು ರೂಮಿಗಿಂತ ಮೊದಲೇ ಗೊತ್ತುಮಾಡಿದೆ. ಗುಲ್ಮಾರ್ಗ್‌ನಲ್ಲೇ ಕೇಂದ್ರ ಸರ್ಕಾರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೇನಿಯರಿಂಗ್ ಇದೆ, ಅಲ್ಲಿ ಕೋರ್ಸ್ ಮಾಡಿಸುತ್ತಾರೆ. ರಜೆ ಹೆಚ್ಚಿದ್ದವರು ಅದನ್ನೇ ಮೊದಲು ನೋಡಿ. ನಮ್ಮ ನಾಲ್ಕು ದಿನಕ್ಕೆ ಹೊಂದಲಿಲ್ಲ, ಹಾಗಾಗಿ ಖಾಸಗಿಯಾಗಿ ಇಬ್ಬರನ್ನು ಹಿಡಿದೆವು.

ಬಟ್ಟೆ ವಿಷಯ ಕಲಬುರಗಿಯವರಿಗೆ ದೊಡ್ಡ ತಲೆನೋವು. ಮೇ ತಿಂಗಳಲ್ಲಿ 43 ಡಿಗ್ರಿ ನೋಡುವವರ ಮನೆಯಲ್ಲಿ ಇರೋದೆಲ್ಲ ಹತ್ತಿ ಬಟ್ಟೆ. ಹಿಮದಲ್ಲಿ ಹತ್ತಿ ಬೇಡವೇ ಬೇಡ. ಬೆವರು ಹೀರಿಕೊಂಡು ಒದ್ದೆಯಾಗೇ ಉಳಿದು, ನಿಂತ ಕೂಡಲೇ ಮೈ ಕೊರೆಯುತ್ತದೆ. ಮೈಗೆ ತಾಗುವಂತೆ ಪಾಲಿಯೆಸ್ಟರ್ ಅಥವಾ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್, ಎಲ್ಲಕ್ಕಿಂತ ಮೇಲೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟು. ಥರ್ಮಲ್, ಗ್ಲೋವ್ಸ್, ಕಾಲುಚೀಲ ಹೈದರಾಬಾದ್‌ನ ಡೆಕಾಥ್ಲಾನ್‌ನಲ್ಲಿ ತಂದೆವು. ಜಾಕೆಟ್, ಪ್ಯಾಂಟು, ಸ್ಕೀ, ಬೂಟು ಎಲ್ಲ ಅಲ್ಲೇ ಬಾಡಿಗೆಗೆ. ಗ್ಲೋವ್ಸ್ ತಲೆಗೆ ಒಂದೇ ಜೊತೆ ತಗೊಂಡೆ. ಲೆಕ್ಕದವನ ಬುದ್ಧಿ. ಅದು ತಪ್ಪು, ಮುಂದೆ ಹೇಳ್ತೀನಿ.

ಕಾಲಿಗೆ ಕಸುವು ಬೇಕು. ಎರಡು ತಿಂಗಳು ಮೊದಲೇ ಶುರು ಮಾಡಿದೆವು. ಬೆಳಿಗ್ಗೆ ನಮ್ಮೂರಿನ ಅಪ್ಪನ ಕೆರೆ ಸುತ್ತ ನಡಿಗೆ, ಆಮೇಲೆ ಬಸ್ಕಿ. ಶಾಲೆಯಲ್ಲಿ ಶಿಕ್ಷೆಗೆ ಹೊಡೆದ ಅದೇ ಬಸ್ಕಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಕೂತ ಹಾಗೆ ಒಂದು ನಿಮಿಷ ನಿಲ್ಲೋದು ಇನ್ನೂ ಉಪಯೋಗ. ಕೆರೆ ಏರಿ ಮೇಲೆ ನಾಲ್ಕು ಜನ ಸಾಲಾಗಿ ಬಸ್ಕಿ ಹೊಡೆಯೋದು ನೋಡಿ ಒಬ್ಬ ಅಜ್ಜ "ಯಾರ್ ಹೊಡಸಾಕತ್ತಾರಪ್ಪ ನಿಮಗ?" ಅಂತ ಕೇಳಿದ್ದ.

ಇನ್ನೊಂದು ಸಣ್ಣ ಮಾತು, ಆದರೆ ಮರೆಯಬೇಡಿ. ಹೊರಗಿನ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ನನ್ನದನ್ನು ತಿಂಗಳು ಮೊದಲೇ ಬದಲಿಸಿದ್ದೆ. ತಮ್ಮ ಕೇಳಲಿಲ್ಲ. ಅವನ ಫೋನ್ ನಾಲ್ಕು ದಿನ ಬರೀ ಕ್ಯಾಮೆರಾ ಆಗಿತ್ತು.

ಗುಲ್ಮಾರ್ಗ್ ಮುಟ್ಟಿದ ಸಂಜೆಯೇ ಬಾಡಿಗೆ ಅಂಗಡಿಗೆ ಹೋದೆವು. ಬೆಳಿಗ್ಗೆ ಹೋದರೆ ಎರಡು ಗಂಟೆ ಅಲ್ಲೇ ಹೋಗುತ್ತದೆ. ಮೊದಲ ಸಲದವರಿಗೆ ಸ್ಕೀ ಗದ್ದದ ಮಟ್ಟಕ್ಕೆ ಬಂದರೆ ಸಾಕು, ಉದ್ದದ್ದು ತಿರುಗಿಸೋಕೆ ಕಷ್ಟ. ಬೂಟನ್ನು ಸ್ಕೀಗೆ ಹಿಡಿಯುವ ಬೈಂಡಿಂಗ್ ಇರುತ್ತದಲ್ಲ, ಬಿದ್ದಾಗ ಅದು ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಂಡಿ ತಿರುಚುತ್ತದೆ. ಎಷ್ಟು ಬಿಗಿ ಇರಬೇಕು ಅನ್ನೋದು ನಿಮ್ಮ ತೂಕ, ಎತ್ತರ, ಬೂಟಿನ ಅಳತೆ, ಕಲಿತ ಮಟ್ಟದ ಮೇಲೆ ನಿಂತಿದೆ. ಅಂಗಡಿಯವನು ಕೇಳದಿದ್ದರೆ ನೀವೇ ಹೇಳಿ. ತೂಕ ನಿಜ ಹೇಳಿ! ಗೆಳೆಯನ ಹೆಂಡತಿ ಐದು ಕೆಜಿ ಕಡಿಮೆ ಹೇಳಿದರು. ಆಮೇಲೆ ಬೀಳದೇ ಇದ್ದಾಗಲೂ ಬೂಟು ಪಟ್ ಅಂತ ಬಿಟ್ಟುಕೊಳ್ಳುತ್ತಿತ್ತು. ಮಧ್ಯಾಹ್ನ ಅಂಗಡಿಗೆ ಹೋಗಿ ಮೆಲ್ಲಗೆ ಸರಿ ತೂಕ ಹೇಳಿ ಬಂದರು.

ನನ್ನ ಮೊದಲ ದಿನ ಹಾಳಾಗಿದ್ದು ಕಾಲುಚೀಲದಿಂದ. ಚಳಿ ಅಂತ ಎರಡು ಜೊತೆ ಹಾಕಿದ್ದೆ. ಸ್ಕೀ ಬೂಟು ಕಬ್ಬಿಣದ ಡಬ್ಬಿ ಇದ್ದ ಹಾಗೆ ಗಟ್ಟಿ. ಒಳಗೆ ಚೀಲ ಮಡಿಕೆ ಬಿದ್ದು ಮೀನಖಂಡಕ್ಕೆ ಒತ್ತಿತು, ರಕ್ತ ಓಡಾಟ ನಿಂತು ಬೆರಳು ಮರಗಟ್ಟಿದವು. ಎರಡು ಹಾಕಿದ್ದಕ್ಕೇ ಚಳಿ ಜಾಸ್ತಿಯಾಯಿತು. ಹತ್ತೂವರೆಗೆ ಹಿಮದ ಮೇಲೇ ಕೂತು ಬೂಟು ಬಿಚ್ಚಿದರೆ ಕಾಲಿನ ಮೇಲೆ ಮಡಿಕೆಯ ಗೆರೆ ಕೆಂಪಗೆ ಎದ್ದಿತ್ತು. ಕಲಿಸುವ ಹುಡುಗ ಒಂದು ಜೊತೆ ಕಿತ್ತು ನನ್ನ ಜೇಬಿಗೆ ತುರುಕಿ ಬಕಲ್ ಹಾಕಿದ. ಮಂಡಿವರೆಗೆ ಬರುವ ತೆಳು ಚೀಲ ಒಂದೇ, ಥರ್ಮಲ್ ಪ್ಯಾಂಟೂ ಬೂಟಿನೊಳಗೆ ಹೋಗಬಾರದು.

ಅವನು ಕಲಿಸಿದ್ದು ಎರಡೇ ಮಾತು. ಒಂದು, ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ. ನಮ್ಮ ಬಂಡಿಯ ಮೂಕಿ ಮುಂದಕ್ಕೆ ಕೂಡಿಕೊಂಡಿರುತ್ತದಲ್ಲ, ಹಾಗೆ. ಒಳ ಅಂಚು ಹಿಮಕ್ಕೆ ಒತ್ತಿದಷ್ಟೂ ವೇಗ ಕಡಿಮೆ. ಎರಡನೆಯದು, ಮುಂದಕ್ಕೆ ಬಾಗು. ಇಳಿಜಾರು ಕಂಡರೆ ಮೈ ತಾನೇ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ವಾಲಿದರೆ ಸ್ಕೀ ಮಾತು ಕೇಳೋದಿಲ್ಲ, ಬಾಣದ ಹಾಗೆ ಹೋಗುತ್ತದೆ. ಮೊಣಕಾಲ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಒತ್ತಿಕೊಂಡೇ ಇರಬೇಕು. "ಆಗೇ, ಆಗೇ", ಅಂದ್ರೆ ಮುಂದಕ್ಕೆ, ಅಂತ ಅವನು ಕೂಗೋದು, "ನಕ್ಕೋ ಭಾಯಿ, ನಕ್ಕೋ", ಅಂದ್ರೆ ಬೇಡಪ್ಪ ಬೇಡ, ಅಂತ ನಾನು. ನಮ್ಮ ಕಲಬುರಗಿ ಹಿಂದಿ ಕೇಳಿ ಅವನಿಗೆ ನಗು. ಕೊನೆಗೆ ಅವನೂ ನಕ್ಕೋ ಅನ್ನೋಕೆ ಶುರು ಮಾಡಿದ.

ಮೇಲೆ ಎಳೆಯುವ ಲಿಫ್ಟ್‌ನಲ್ಲಿ ಕೂರಬೇಡಿ. ತೊಡೆ ನಡುವೆ ತಟ್ಟೆ ಬರುತ್ತದೆ, ನಿಂತೇ ಇರಬೇಕು, ಅದು ಎಳೆಯುತ್ತದೆ. ತಮ್ಮ ಕೂತ. ಹಿಂದಿನವರೆಲ್ಲ ಕಾದರು.

ಗೆಳೆಯನ ಬೋರ್ಡ್ ಕತೆ ನಾನು ಹೇಳಿದ ಹಾಗೇ ಆಯಿತು. ಎರಡು ದಿನ ಕುಂಡೆ ಮೇಲೆ, ಮೊಣಕಾಲ ಮೇಲೆ. ಬೋರ್ಡ್ ಕಲಿಯುವವರಿಗೆ ಮಣಿಕಟ್ಟಿನ ಪೆಟ್ಟು ಸಾಮಾನ್ಯ, ಯಾಕಂದ್ರೆ ಬೀಳುವಾಗ ಅಂಗೈ ಊರುತ್ತಾರೆ. ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಬೇಕು. ಇದನ್ನು ಅವನಿಗೆ ಹೇಳಿದ್ದರು, ಅವನೂ ಹ್ಞೂಂ ಅಂದಿದ್ದ. ಎರಡನೇ ಸಂಜೆ ಮಣಿಕಟ್ಟು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮೂಳೆಗೆ ಏನೂ ಆಗಿರಲಿಲ್ಲ. ಪಟ್ಟಿ ಕಟ್ಟಿಕೊಂಡು ಮೂರನೇ ದಿನ ಮತ್ತೆ ಹತ್ತಿದ, ಅವತ್ತು ಮಧ್ಯಾಹ್ನ ಹಿಮ್ಮಡಿ ಅಂಚಿನ ಮೇಲೆ ಎಲೆ ತೇಲುವ ಹಾಗೆ ಆ ಕಡೆ ಈ ಕಡೆ ಇಳಿದು ಬಂದ. ವಿಮೆ ಮಾಡಿಸುವಾಗ ಸಾಹಸ ಕ್ರೀಡೆ ಸೇರಿದೆಯಾ ಅಂತ ಓದಿ. ಮಾಮೂಲಿ ಪಾಲಿಸಿಗಳಲ್ಲಿ ಎಷ್ಟೋ ಸಲ ಅದನ್ನು ಬಿಟ್ಟಿರುತ್ತಾರೆ.

ಗೊಂಡೋಲಾ (ಬೆಟ್ಟ ಹತ್ತಿಸುವ ಕೇಬಲ್ ಕಾರು) ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ. ಮೊದಲ ಹಂತ ಕೊಂಗ್‌ಡೋರಿಗೆ, ಎರಡನೆಯದು ಅಫರ್ವಾತ್ ಬೆಟ್ಟದ ಹೆಗಲಿಗೆ, ಹತ್ತಿರ ಹತ್ತಿರ 3,950 ಮೀಟರ್. ಅಲ್ಲಿಂದ ಸ್ಕೀ ಮಾಡೋಕೆ ಹೊರದೇಶದವರು ಬರುತ್ತಾರೆ. ಅದು ನಮ್ಮಂಥವರ ಜಾಗ ಅಲ್ಲ. ಗೊಂಡೋಲಾ ಕೆಳಗಿನ ಬಟ್ಟಲಿನಂಥ ಜಾಗವನ್ನಷ್ಟೇ ಹಿಮಕುಸಿತ ಆಗದಂತೆ ನೋಡಿಕೊಳ್ಳುತ್ತಾರೆ. ಅದರಾಚೆ ಹೋಗುವವರ ಬೆನ್ನ ಮೇಲೆ ಸಲಿಕೆ, ಎದೆ ಮೇಲೆ ಬೀಕನ್, ಅಂದ್ರೆ ಹಿಮದಡಿ ಸಿಕ್ಕವರು ಎಲ್ಲಿದ್ದಾರೆ ಅಂತ ತಿಳಿಸುವ ಯಂತ್ರ, ಇರುತ್ತದೆ. ನಾಲ್ಕನೇ ದಿನ ನಾವು ಕೊಂಗ್‌ಡೋರಿವರೆಗೆ ಹೋಗಿ, ಕಾಶ್ಮೀರಿ ಚಹಾ ಕಹ್ವಾ ಕುಡಿದು, ಮರಗಳ ನಡುವೆ ಸರಸರ ಇಳಿಯುವವರನ್ನು ನೋಡಿ, ಗೊಂಡೋಲಾದಲ್ಲೇ ಇಳಿದೆವು. ತಮ್ಮನಿಗೆ ಬೇಜಾರು. ನನಗಿಲ್ಲ.

ಒಟ್ಟು ತಲೆಗೆ 60 ಸಾವಿರ ಮುಟ್ಟಿತು. ಅರ್ಧದ ಹತ್ತಿರ ವಿಮಾನ ಮತ್ತು ಕಾರಿಗೇ ಹೋಯಿತು.

ಗ್ಲೋವ್ಸ್ ಮಾತು ಬಾಕಿ ಇದೆ. ಒಂದೇ ಜೊತೆ ಇತ್ತಲ್ಲ, ಮೊದಲ ದಿನವೇ ತೊಯ್ದು ತೊಪ್ಪೆಯಾದವು. ರಾತ್ರಿ ಬುಖಾರಿ ಪಕ್ಕ ತೂಗು ಹಾಕಿದರೂ ಬೆಳಿಗ್ಗೆ ಬೆರಳ ತುದಿ ಒದ್ದೆ. ಬುಖಾರಿ ಮೇಲೇ ಇಟ್ಟ ಗೆಳೆಯನದು ಕರಗಿ ಅಂಟಿಕೊಂಡಿತು. ಹೊರಗೆ ಮೈನಸ್ 8. ನಾಲ್ಕೂ ದಿನ ಒದ್ದೆ ಗ್ಲೋವ್ಸ್‌ನಲ್ಲೇ ಕೈ ತುರುಕಿ ಹೊರಟೆ. ಊರಿಗೆ ಬಂದು ಬೆಳಿಗ್ಗೆ ಮಿಲ್‌ಗೆ ಹೋಗುವಾಗ ಅವ್ವ ಅವನ್ನು ಮಾಳಿಗೆ ಮೇಲೆ ಸಂಡಿಗೆ ಪಕ್ಕ ಒಣಗಲು ಹಾಕಿದ್ದಳು. ಸ್ಕೂಟರ್ ಕಿಕ್ ಹೊಡೆಯುವಷ್ಟರಲ್ಲಿ ಮೇಲಿನಿಂದ ಕೂಗಿದಳು: "ಒಣಗ್ಯಾವ, ಒಯ್ಯೋದದ ಏನ ಮಿಲ್ಲಿಗೆ?"